ಮಡಿ ಡಬ್ಬಿಯ ಐಸ್‌ಕ್ರೀಂ

ಐಸ್‌ಕ್ರೀಂ ತಿನ್ನುವುದಕ್ಕೆ ಎಂಥ ಅರ್ಹತೆ ಬೇಕು ಹೇಳಿ? ಕಿಸೆಯಲ್ಲಿ ಚಿಲ್ಲರೆ, ಬಾಯಲ್ಲಿ ನಾಲಿಗೆ, ಇಷ್ಟಿದ್ದರೆ ಸಾಕು ಅಂತೀರಲ್ಲ? ಹಾಗಾದರೆ ನೀವು ಸಾಲಿಗ್ರಾಮದಲ್ಲಿ ನಮ್ಮ ಚಿಕ್ಕಪ್ಪಯ್ಯನ ಅಂಗಡಿಗೆ ಹೋದವರೇ ಅಲ್ಲ. ಅಲ್ಲಿ ಮೊದಲು ಸಂದರ್ಶನ ಪಾಸಾಗಬೇಕಿತ್ತು. ಬ್ಯಾಂಕಿನ ಕೆಲಸಕ್ಕೂ ಅಷ್ಟು ಪ್ರಶ್ನೆ ಕೇಳುವುದಿಲ್ಲ!

"ಊಟ ಆಯ್ತಾ?"

"ಆಯ್ತ್."

"ಎಂತ ಊಟ?"

"ಗಂಜಿ, ಬಂಗ್ಡಿ ಸಾರ್."

"ಖಾರ ಇತ್ತಾ?"

"ಇತ್ತಪ್ಪ. ಖಾರ ಇಲ್ದೆ ಸಾರ್ ಹ್ಯಾಂಗ್ ಆತ್ತ್?"

"ಹಾಂಗಾರೆ ಒಂಚೂರ್ ಕೂಕಣಿ. ನಾಲ್ಗಿ ಸಮಾ ಆಯ್ಲಿ. ಈಗ್ಳ್ ಕೊಟ್ರೆ ನಿಮ್ಗೂ ರುಚಿ ಗೊತ್ತಾತಿಲ್ಲೆ, ಐಸ್‌ಕ್ರೀಮಿಗೂ ಮರ್ಯಾದಿ ಇಲ್ಲೆ."

ಪಾಪ, ಗಿರಾಕಿ ಬೆಂಚಿನ ಮೇಲೆ ಕೂರಬೇಕು. ಚಾ ಕುಡಿದು ಬಂದವನಾದರೆ ಇನ್ನೂ ಸ್ವಲ್ಪ ಹೊತ್ತು. ಸೀನಿದರೆ ಮುಗಿಯಿತು, ಬಾಗಿಲಿನಿಂದಲೇ ವಾಪಸ್. ಬಸ್ಸು ಹಾರ್ನ್ ಹೊಡೆಯುತ್ತಿದೆ, ಬೇಗ ಕೊಡಿ ಎಂದವರಿಗೆ "ಓಡ್ತಾ ತಿಂಬುದಾದ್ರೆ ನೆಲಕಡ್ಲಿ ತಕಣಿ, ಬದಿ ಅಂಗಡಿಯಂಗೆ ಇತ್ತ್" ಎಂದು ತಾನೇ ದಾರಿ ತೋರಿಸುವ ಪುಣ್ಯಾತ್ಮ! ನಮ್ಮ ಚಿಕ್ಕಪ್ಪಯ್ಯ ಅಂಗಡಿ ಇಟ್ಟ ಮೇಲೆ ಆ ನೆಲಗಡಲೆಯವನು ಮಾಳಿಗೆ ಮನೆ ಕಟ್ಟಿಸಿದ.

ಹೆಸರು ಮಾತ್ರ ಹೇಳುವುದಿಲ್ಲ. ಹೇಳಿದರೆ ನಾಳೆ ಬೆಳಿಗ್ಗೆಯೇ ಬಸ್ಸು ಹತ್ತಿ ಬ್ರಹ್ಮಾವರಕ್ಕೆ ಬಂದು, ನನ್ನ ಮನೆಯ ಜಗಲಿಯಲ್ಲಿ ಕೂತು, ಇದರಲ್ಲಿ ಯಾವುದು ಸರಿ ಯಾವುದು ತಪ್ಪು ಎಂದು ಮಧ್ಯಾಹ್ನದವರೆಗೆ ವಾದ ಮಾಡುತ್ತಾರೆ. ಊಟಕ್ಕೆ ನಾನೇ ಬಡಿಸಬೇಕು. ಚಿಕ್ಕಪ್ಪಯ್ಯ ಅಂದರೆ ನನ್ನ ಅಮ್ಮನ ತಂಗಿಯ ಗಂಡ. ಅಷ್ಟು ಗೊತ್ತಿದ್ದರೆ ನಿಮಗೆ ಸಾಕು.

ತೊಂಬತ್ತೇಳರಲ್ಲಿ ಚಿಕ್ಕಪ್ಪಯ್ಯ ಮುಂಬೈ ಬಿಟ್ಟು ಊರಿಗೆ ಬಂದರು. ನಾನಾಗ ಕೋಟದಲ್ಲಿ ಅಮ್ಮಮ್ಮನ ಮನೆಯಲ್ಲಿದ್ದುಕೊಂಡು ಹೈಸ್ಕೂಲಿಗೆ ಹೋಗುತ್ತಿದ್ದೆ. ಅಮ್ಮಮ್ಮ ಅಂದರೆ ಅಮ್ಮನ ಅಮ್ಮ, ಚಿಕ್ಕಪ್ಪಯ್ಯನಿಗೆ ಅತ್ತೆ. ಮುಂಬೈಯಿಂದ ಬರುವವರು ಏನು ತರುತ್ತಾರೆ? ಕೊರಳಿಗೆ ಚೈನು, ಕೈಗೆ ಗಡಿಯಾರ, ಮಕ್ಕಳಿಗೆ ಪರಿಮಳದ ರಬ್ಬರು. ಇವರು ತಂದದ್ದು ಒಂದು ಮರದ ಡಬ್ಬ! ಅದರೊಳಗೆ ಉದ್ದದ ತಗಡಿನ ಕೊಳವೆ, ಮೇಲೊಂದು ತಿರುಗಿಸುವ ಹಿಡಿ. ಅಲ್ಲಿ ಯಾವುದೋ ಸೇಠನ ಅಂಗಡಿಯಲ್ಲಿ ಹದಿನೈದಿಪ್ಪತ್ತು ವರ್ಷ ಐಸ್‌ಕ್ರೀಂ ತಿರುಗಿಸಿದ್ದರಂತೆ. ಸೇಠ ಅಂಗಡಿ ಮುಚ್ಚುವಾಗ ಏನು ಬೇಕು ಕೇಳು ಎಂದನಂತೆ. ಈ ಮನುಷ್ಯ ಡಬ್ಬ ಕೇಳಿದರು. ಚಿಕ್ಕಮ್ಮ ಈಗಲೂ ಆ ಮಾತು ಬಂದರೆ ಮುಖ ಆಚೆ ತಿರುಗಿಸುತ್ತಾಳೆ.

ಕುಂದಾಪುರದಲ್ಲಿ ಬಸ್ಸು ಬದಲಿಸುವಾಗ ಕಂಡಕ್ಟರ್ ಡಬ್ಬ ತಟ್ಟಿ, "ಹ್ವಾಯ್, ಇದೆಂತ ಮದ್ದಳ್ಯಾ? ಯಾವ ಮೇಳ ನಿಮ್ದ್?" ಎಂದು ಕೇಳಿದನಂತೆ. ಕೇಳಬಾರದಿತ್ತು. ಐಸಿಗೆ ಉಪ್ಪು ಹಾಕಿದರೆ ತಂಪು ಹೇಗೆ ಏರುತ್ತದೆ, ಹಾಲು ಹೇಗೆ ಗಟ್ಟಿಯಾಗುತ್ತದೆ, ಕೈ ನಿಲ್ಲಿಸಿದರೆ ಹೇಗೆ ಹರಳು ಕಟ್ಟುತ್ತದೆ, ಇಷ್ಟನ್ನೂ ಚಿಕ್ಕಪ್ಪಯ್ಯ ಅವನಿಗೆ ವಿವರಿಸಿದರು. ಕಂಡಕ್ಟರ್ ಬಾಯಿ ತೆರೆದುಕೊಂಡು ಕೇಳುತ್ತ ನಿಂತವನು ಕೋಟದಲ್ಲಿ ಸೀಟಿ ಊದುವುದನ್ನೇ ಮರೆತ. ಇಡೀ ಬಸ್ಸಿನ ಕೋಟದವರು ಸಾಲಿಗ್ರಾಮದಲ್ಲಿ ಇಳಿದು, ಬೈದುಕೊಳ್ಳುತ್ತ ಹಿಂದೆ ನಡೆದರು. ಇಳಿದದ್ದು ಇಳಿದೆವು ಎಂದು ಚಿಕ್ಕಪ್ಪಯ್ಯ ಅಲ್ಲೇ ರಸ್ತೆ ಬದಿಯ ಒಂದು ಖಾಲಿ ಕೋಣೆ ನೋಡಿ, ಅಂಗಡಿಗೆ ಗೊತ್ತು ಮಾಡಿಕೊಂಡೇ ಅಮ್ಮಮ್ಮನ ಮನೆಗೆ ಬಂದರು. ಚಿಕ್ಕಮ್ಮನೂ ಅವರೂ ಅಲ್ಲೇ ಉಳಿದರು.

ಈಗ ಐಸ್ ಬೇಕಲ್ಲ? ನಮ್ಮ ಕಡೆ ಐಸ್ ಎಲ್ಲಿ ಸಿಗುತ್ತದೆ? ಕಡಲ ಬದಿಯ ಐಸ್ ಪ್ಲಾಂಟಿನಲ್ಲಿ. ಅದು ಯಾರಿಗೆ? ಮೀನಿಗೆ! ದೊಡ್ಡ ಉಪ್ಪುನೀರಿನ ತೊಟ್ಟಿ, ಅದರಲ್ಲಿ ಸಾಲು ಸಾಲು ತಗಡಿನ ಡಬ್ಬಿ, ಪ್ರತಿ ಡಬ್ಬಿಯಲ್ಲೂ ಒಂದೊಂದು ಐಸ್ ದಿಮ್ಮಿ. ಬೋಟಿನವರು ತುಂಬಿಕೊಂಡು ಹೋಗುತ್ತಾರೆ. ಚಿಕ್ಕಪ್ಪಯ್ಯ ಆಟೋದಲ್ಲಿ ಒಂದು ದಿಮ್ಮಿ ತಂದು, ಗೋಣಿಯಲ್ಲಿ ಸುತ್ತಿ, ಕೊಡಲಿಯ ಹಿಂಬದಿಯಿಂದ ಪುಡಿ ಮಾಡಿ, ಡಬ್ಬದೊಳಗೆ ಕೊಳವೆಯ ಸುತ್ತ ತುಂಬಿ ತಿರುಗಿಸತೊಡಗಿದರು. ಸುದ್ದಿ ಅಮ್ಮಮ್ಮನಿಗೆ ಮುಟ್ಟಿತು.

ಅಮ್ಮಮ್ಮನ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮ ಅಜ್ಜಯ್ಯ ದೇವಸ್ಥಾನದ ಕೆಲಸದಲ್ಲಿದ್ದವರು. ಅವರು ಹೋದ ಮೇಲೂ ಕೋಟ, ಸಾಲಿಗ್ರಾಮದ ಸುತ್ತ ಯಾರ ಮನೆಯಲ್ಲಿ ಉಪನಯನ, ಮದುವೆ ಇದ್ದರೂ ಯಾವ ಅಡುಗೆಯವರು, ಯಾವ ತರಕಾರಿ, ಯಾವುದು ಆದೀತು, ಯಾವುದು ಆಗದು ಎಂದು ಅಮ್ಮಮ್ಮನನ್ನೇ ಕೇಳುವುದು. ಅಮ್ಮಮ್ಮ ಆಗದು ಎಂದರೆ ಮುಗಿಯಿತು, ಆ ಪದಾರ್ಥ ಊರು ಬಿಟ್ಟಿತು ಅಂತಲೇ. ಅಂಥವರು ಜಗಲಿಯಲ್ಲಿ ಅಳಿಯನನ್ನು ನಿಲ್ಲಿಸಿಕೊಂಡು ಕೇಳಿದರು.

"ಮೀನ್ ಮಲ್ಗಿದ್ ಹಾಸ್ಗಿ ಮೇಲೆ ಹಾಲ್ ಮಲ್ಗಿಸ್ತ್ರ್ಯಾ?"

"ಐಸ್ ಹೊರ್ಗೆ, ಹಾಲ್ ಒಳ್ಗೆ ಅತ್ತೆ. ನಡೂಕೆ ತಗ್ಡ್ ಇತ್ತಲ್ದಾ?"

"ನಡೂಕೆ ಗ್ವಾಡಿ ಇತ್ತಂದ್ಹೇಳಿ ಸುಡ್ಗಾಡಿನ ಬದಿಯಂಗೆ ಮದ್ವಿ ಮಾಡ್ತ್ರ್ಯಾ?"

ಕೋಟದ ಒಂದು ಮನೆಯೂ ಅವರ ಐಸ್‌ಕ್ರೀಂ ತರಿಸಲಿಲ್ಲ. ರಸ್ತೆಯಲ್ಲಿ ಹೋಗಿಬರುವ ನಾಲ್ಕು ಜನರಿಂದ ಅಂಗಡಿ ನಡೆದೀತೇ? ಅದರಲ್ಲೂ ಅರ್ಧ ಜನ ಸಂದರ್ಶನದಲ್ಲಿ ಫೇಲು! ಊರಿನ ಮದುವೆ, ಮುಂಜಿಗಳ ಆರ್ಡರು ಬಂದರೆ ಮಾತ್ರ ಅಂಗಡಿ ಉಳಿಯುವುದು. ಅದು ಬರಬೇಕಾದರೆ ಅಮ್ಮಮ್ಮ ಒಂದು ಚಮಚ ಐಸ್‌ಕ್ರೀಂ ಬಾಯಿಗಿಡಬೇಕು. ಇಷ್ಟೇ ಲೆಕ್ಕ. ಬೇರೆ ಯಾರಾದರೂ ಆಗಿದ್ದರೆ ಮುಂಬೈ ಬಸ್ಸು ಹತ್ತುತ್ತಿದ್ದರು. ಚಿಕ್ಕಪ್ಪಯ್ಯ ಮಾತ್ರ "ಅತ್ತೆ ತಿಂದೇ ತಿಂತ್ರ್, ಕಾಣಿ" ಎಂದು ಡಬ್ಬ ತಿರುಗಿಸುತ್ತಲೇ ಇದ್ದರು.

ಅಂದಿನಿಂದ ದಿನಾ ಸಂಜೆ ಒಂದು ಸಣ್ಣ ಸ್ಟೀಲಿನ ಬಟ್ಟಲಲ್ಲಿ ಐಸ್‌ಕ್ರೀಂ ತಂದು, ಮುಚ್ಚಳ ಮುಚ್ಚಿ, ಅಮ್ಮಮ್ಮ ಕೂರುವ ಜಾಗದ ಪಕ್ಕ ಇಟ್ಟು ಹೋಗುತ್ತಿದ್ದರು. ಒಂದು ಮಾತಿಲ್ಲ, ಕತೆಯಿಲ್ಲ. ಅಮ್ಮಮ್ಮ ಅತ್ತ ಕಣ್ಣೆತ್ತಿಯೂ ನೋಡದೆ ಬತ್ತಿ ಹೊಸೆಯುತ್ತಿದ್ದರು. ಅದು ಕರಗಿ ಪಾಯಸವಾದ ಮೇಲೆ ನಾನು ಕುಡಿಯುತ್ತಿದ್ದೆ. ಅತ್ತೆ ಅಳಿಯನ ಯುದ್ಧದಲ್ಲಿ ಹೊಟ್ಟೆ ತುಂಬಿಸಿಕೊಂಡವಳು ನಾನೊಬ್ಬಳೇ. ರಾಜಿ ಎಷ್ಟು ತಡವಾದರೆ ಅಷ್ಟು ಒಳ್ಳೆಯದು ಎಂದುಕೊಂಡದ್ದೂ ಉಂಟು!

ಅತ್ತೆಯನ್ನು ಗೆಲ್ಲಲು ಚಿಕ್ಕಪ್ಪಯ್ಯ ಕಂಡುಹಿಡಿದ ರುಚಿಗಳೋ, ದೇವರಿಗೇ ಪ್ರೀತಿ. ಬಣ್ಣ, ಎಸೆನ್ಸು ಅವರ ಅಂಗಡಿಯ ಹೊಸಿಲು ದಾಟುವಂತಿಲ್ಲ. ಒಂದು ಮಗು "ಪಿಂಕ್ ಐಸ್‌ಕ್ರೀಂ" ಕೇಳಿದರೆ "ಪಿಂಕ್ ಅಂದ್ರೆ ಎಂತ ಹಣ್ಣ್ ಮಗಾ? ಯಾವ ಮರದಂಗ್ ಆತ್ತ್?" ಎಂದು ಕೇಳಿ ಅಳಿಸಿ ಕಳಿಸಿದ್ದರು. ಹಿತ್ತಲಲ್ಲಿ ಬಿದ್ದದ್ದೆಲ್ಲ ಡಬ್ಬದೊಳಗೆ. ಎಳನೀರು ಆಯಿತು, ಕಾಟುಮಾವಿನ ಹಣ್ಣು ಆಯಿತು, ಹಲಸಿನ ಹಣ್ಣು ಆಯಿತು. ಆಹಾ, ಅವೆಲ್ಲ ಎಂಥ ರುಚಿ ಅಂತೀರಿ! ಆದರೆ ಒಂದು ಬೇಸಿಗೆಯಲ್ಲಿ ಗೇರುಹಣ್ಣಿನದ್ದು ಮಾಡಿದರು. ತಿಂದವರೆಲ್ಲ ಗಂಟಲು ಕೆರೆದುಕೊಂಡು ಎರಡು ದಿನ ಮಾತು ಬಿಟ್ಟರು. ಚಿಕ್ಕಮ್ಮನೂ ಮಾತು ಬಿಟ್ಟಳು, ಅದು ಗಂಟಲಿನಿಂದ ಅಲ್ಲ. ಸೀನುವವರನ್ನು ದಿನಾ ವಾಪಸ್ ಕಳಿಸಿ ಮನಸ್ಸಿಗೆ ಬೇಜಾರಾಗಿ, ಅವರಿಗೆಂದೇ ಮೆಣಸು ಜೀರಿಗೆ ಕಷಾಯದ ಐಸ್‌ಕ್ರೀಂ ಬೇರೆ! ಶೀತ ಆದವರು ಐಸ್‌ಕ್ರೀಂ ತಿಂದು ಶೀತ ಗುಣ ಮಾಡಿಕೊಳ್ಳಬೇಕಂತೆ. ಒಬ್ಬ ಮೇಷ್ಟ್ರು ಮರ್ಯಾದೆಗೆ ತಿಂದು, ಆಮೇಲೆ ಅಂಗಡಿಯ ಎದುರು ಬಂದಾಗೆಲ್ಲ ರಸ್ತೆಯ ಆಚೆ ಬದಿಯಲ್ಲಿ ಹೋಗುತ್ತಿದ್ದರು.

ರುಚಿಯಿಂದ ಅತ್ತೆ ಜಗ್ಗಲಿಲ್ಲ. ಆಗ ಹೊಳೆದದ್ದು ಮಡಿ ಡಬ್ಬಿಯ ಉಪಾಯ. ಮುಂಜಾನೆ ಎದ್ದು ಮಿಂದು, ಅಮ್ಮಮ್ಮನದ್ದೇ ಬಾವಿಯ ನೀರು ಸೇದಿ, ತಾಮ್ರದ ಕೊಡಕ್ಕೆ ತುಂಬಿ, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಐಸ್ ಪ್ಲಾಂಟಿಗೆ ಹೊರಟರು. ಪ್ಲಾಂಟಿನ ಯಜಮಾನರು ಮೀನುಗಾರರ ಮನೆತನದವರು, ಎಲ್ಲರೂ ಕರೆಯುವುದು ಮರ್ಕಾಲ್ರು ಎಂದು. ದೊಡ್ಡ ಗಂಟಲು, ಮೂರು ಬೋಟು, ಕಡಲ ಮೇಲೆ ನಿಂತು ಕರೆದರೆ ದಡದಲ್ಲಿ ಕೇಳಬೇಕು, ಅಂಥ ಆಸಾಮಿ. ಅವರು ಕೊಡ ಕಂಡು ಬಿದ್ದು ಬಿದ್ದು ನಕ್ಕರಂತೆ.

"ಎಂತ ಭಟ್ರೆ, ನನ್ನ ಪ್ಲಾಂಟಿಗೆ ಅಭಿಷೇಕವಾ?"

"ಅಲ್ಲ ಮಾರಾಯ್ರೆ. ನಂಗೊಂದ್ ಡಬ್ಬಿ ಬ್ಯಾರೆ ಕೊಡಿ. ಈ ನೀರನ್ನೇ ಹಾಕ್ಕ್. ನಮ್ಮತ್ತೆ ತಿಂಬು ಐಸ್‌ಕ್ರೀಮಿಗೆ."

ಮರ್ಕಾಲ್ರು ನಗು ನಿಲ್ಲಿಸಿ, ಹೊಸ ಡಬ್ಬಿಯೊಂದನ್ನು ತರಿಸಿ, ಕೆಂಪು ಬಣ್ಣದಲ್ಲಿ 'ಶ್ರೀ' ಎಂದು ಬರೆಸಿ, ಮೂಲೆಯಲ್ಲಿ ಇಳಿಬಿಟ್ಟರು. ಅಂದಿನಿಂದ ಅದಕ್ಕೆ ಮಡಿ ಡಬ್ಬಿ ಎಂದೇ ಹೆಸರು. ಚಿಕ್ಕಪ್ಪಯ್ಯ ಎದೆಯುಬ್ಬಿಸಿಕೊಂಡು ಬಂದು "ಅತ್ತೆ, ಇನ್ನ್ ನೀರೂ ನಿಮ್ದೇ" ಎಂದರು. ಅಮ್ಮಮ್ಮ ಬತ್ತಿಯಿಂದ ಕಣ್ಣು ತೆಗೆಯದೆ ಕೇಳಿದರು.

"ನೀರ್ ನಮ್ದೇ. ರಾತ್ರಿ ಉಳ್ಕಂಡದ್ ಯಾರ ಮನಿಯಂಗೆ?"

ಹೋಯಿತಾ! ಆದರೂ ಈ ಮಹಾನುಭಾವ ಕೊಡ ಹೊರುವುದು ಬಿಡಲಿಲ್ಲ. ದಿನಾ ಕೊಡ, ದಿನಾ ಆಟೋ, ದಿನಾ ಬಟ್ಟಲು.

ಹೀಗಿರುವಾಗ ನಡೆದದ್ದು ನೋಡಿ. ಒಂದು ದಿನ ಪ್ಲಾಂಟಿನ ಕೆಲಸದವನು ಗಡಿಬಿಡಿಯಲ್ಲಿ ಮಡಿ ಡಬ್ಬಿಯ ದಿಮ್ಮಿಯನ್ನು ಬೋಟಿಗೆ ಹಾಕಿಬಿಟ್ಟ. ನಮ್ಮ ಅಮ್ಮಮ್ಮನ ಬಾವಿಯ ನೀರು ಅರಬ್ಬೀ ಸಮುದ್ರಕ್ಕೆ ಹೋಯಿತು! ಹೋದ ಬೋಟು ಸಂಜೆಗೆ ಬಂಗುಡೆ ತುಂಬಿಕೊಂಡು, ಮುಳುಗುವ ಹಾಗೆ ವಾಲಿಕೊಂಡು ಬಂತು. ವಾರದಿಂದ ಬಲೆಗೆ ಬರೀ ಪಾಚಿ ಸಿಗುತ್ತಿದ್ದ ಜನ, ಬಿಡುತ್ತಾರೆಯೇ? ಮರುದಿನ ಬೆಳಿಗ್ಗೆ ಚಿಕ್ಕಪ್ಪಯ್ಯನ ಅಂಗಡಿಯೆದುರು ಬೋಟಿನವರ ಸಾಲು. "ಭಟ್ರೆ, ನಮ್ಗೂ ಒಂದ್ ತುಂಡ್ ಕೊಡಿ. ಬೋಟಿನ ಮೂಲಿಯಂಗ್ ಇಡುಕೆ ಸಾಕ್." ಇವರಲ್ಲಿ ಒಬ್ಬರಿಗೂ ಸಂದರ್ಶನ ಮಾಡಲು ಚಿಕ್ಕಪ್ಪಯ್ಯನಿಗೆ ಬಾಯಿ ಬರಲಿಲ್ಲ. ಮನೆಗೆ ಈ ವಿಷಯ ಹೋಗದಿದ್ದರೆ ಸಾಕು ಎಂದು ಎಲ್ಲರಿಗೂ ಕೈ ಮುಗಿದರು.

ಹೋಗದೆ ಇರುತ್ತದೆಯೇ? ಮೀನು ಮಾರುವ ಹೆಂಗಸು ತಲೆ ಮೇಲೆ ಬುಟ್ಟಿ ಇಟ್ಟುಕೊಂಡು ನಮ್ಮ ಗೇಟಿನೆದುರು ನಿಂತು, ಇಡೀ ಕೇರಿಗೆ ಕೇಳುವ ಹಾಗೆ, ಮನಸ್ಸು ತುಂಬಿ ಕೂಗಿದಳು.

"ಅಮ್ಮಾ! ನಿಮ್ಮ ಬಾವಿ ನೀರಿಗ್ ಬಂಗ್ಡಿ ಭಾರಿ ಸಿಕ್ತಂಬ್ರ್! ನಿಮ್ಗ್ ಪುಣ್ಯ ಬರ್ಲಿ!"

ಅಮ್ಮಮ್ಮ ಎದ್ದವರೇ ಬಾವಿಕಟ್ಟೆಗೆ ಹೋಗಿ, ಹಗ್ಗ ಬಿಚ್ಚಿ, ಸುತ್ತಿ, ಒಳಗೆ ತಂದು ಮಂಚದ ಕೆಳಗೆ ಇಟ್ಟುಬಿಟ್ಟರು. ಇನ್ನು ಈ ಬಾವಿಯಿಂದ ಒಂದು ಹನಿ ಹೊರಗೆ ಹೋಗಬಾರದು! ಸರಿ, ಸಿಟ್ಟು ಸಿಟ್ಟೇ. ಆದರೆ ಸಂಜೆಗೆ ತಾವೇ ಮೀಯಬೇಕಲ್ಲ? ದೀಪ ಹಚ್ಚುವ ಹೊತ್ತಿಗೆ ಹಗ್ಗ ಮತ್ತೆ ಗಡಗಡೆಯ ಮೇಲಿತ್ತು. ಯಾರು ಕಟ್ಟಿದರು ಎಂದು ಯಾರೂ ಕೇಳಲಿಲ್ಲ. ಮರುದಿನ ಮುಂಜಾನೆ ಚಿಕ್ಕಪ್ಪಯ್ಯನೂ ಏನೂ ಆಗದವರ ಹಾಗೆ ಕೊಡ ತುಂಬಿಸಿಕೊಂಡು ಹೊರಟರು.

ಆದರೆ ನಗೆ ಎಷ್ಟು ದಿನ? ಎರಡು ಸಾವಿರದ ಇಸವಿ ದಾಟುವಾಗ ಅಂಗಡಿಯ ಎದುರಿಗೇ ದೊಡ್ಡ ಕಂಪನಿಯ ಫ್ರೀಜರು ಬಂತು. ಗಾಜಿನ ಮುಚ್ಚಳ, ಒಳಗೆ ಬಣ್ಣ ಬಣ್ಣದ ಐಸ್‌ಕ್ರೀಂ ಕಪ್‌ಗಳು. ಅಲ್ಲಿ ಪ್ರಶ್ನೆ ಕೇಳುವವರಿಲ್ಲ, ಸೀನಿದರೂ ಕೊಡುತ್ತಾರೆ. ಚಿಕ್ಕಪ್ಪಯ್ಯನ ಬೆಂಚು ಖಾಲಿಯಾಯಿತು. ಮಧ್ಯಾಹ್ನ ಒಬ್ಬರೇ ಕೂತು ಡಬ್ಬ ತಿರುಗಿಸುತ್ತಿದ್ದರು. ಈ ಮಳೆಗಾಲ ಮುಗಿಯುವುದರೊಳಗೆ ಅಂಗಡಿ ಬಿಟ್ಟುಬಿಡಿ, ಮತ್ತೆ ಮುಂಬೈಗೇ ಹೋಗುವ ಎಂದು ಚಿಕ್ಕಮ್ಮ ಕಣ್ಣೀರು ಹಾಕಿದಳು. ಅಂಥ ಬಾಯಿಬಡುಕ ಮನುಷ್ಯ ಸುಮ್ಮನೆ ಕೂತದ್ದು ಕಂಡು ನನಗೆ ಹೆದರಿಕೆಯಾಯಿತು.

ಆ ದಿನಗಳಲ್ಲೇ ಒಂದು ಸಂಜೆ, ಚಿಕ್ಕಪ್ಪಯ್ಯ ಬಟ್ಟಲು ಇಟ್ಟು ಅತ್ತ ತಿರುಗಿದ್ದರು ಅಷ್ಟೆ, ಮರ್ಕಾಲ್ರು ನಮ್ಮ ಅಂಗಳಕ್ಕೆ ಬಂದರು. ಬಿಳಿ ಪಂಚೆ, ಬಿಳಿ ಅಂಗಿ, ಕೈಯಲ್ಲಿ ಮಗಳ ಮದುವೆಯ ಕಾಗದ. ಮದುವೆ ನಾವುಂದದಲ್ಲಿ. ಇಡೀ ಮದುವೆಗೆ ಐಸ್‌ಕ್ರೀಂ ಭಟ್ರದ್ದೇ ಆಗಬೇಕು, ಕಂಪನಿಯದ್ದು ಬೇಡ ಎಂದರು. ಚಿಕ್ಕಪ್ಪಯ್ಯನ ಮುಖ ಅರಳಿತು. ಅಷ್ಟಕ್ಕೇ ಹೊರಟಿದ್ದರೆ ಆಗುತ್ತಿತ್ತು. ಮರ್ಕಾಲ್ರು ಜಗಲಿಯ ಹತ್ತಿರ ಬಂದು ಅಮ್ಮಮ್ಮನಿಗೆ ಕೈ ಮುಗಿದರು.

"ಅಮ್ಮಾ, ನಿಮ್ಮನ್ನ್ ಕಾಂಬುದ್ ಇವತ್ತೇ. ಆರೆ ನೀವ್ ದಿನಾ ಹೇಳಿದ್ದೆಲ್ಲ ನಂಗ್ ಗೊತ್ತಿತ್ತ್."

ಅಮ್ಮಮ್ಮ ಬತ್ತಿ ಹೊಸೆಯುವುದು ನಿಲ್ಲಿಸಿದರು. "ನಾನ್ ಎಂತ ಹೇಳಿದ್ದೆ?"

"ಐಸ್‌ಕ್ರೀಂ ಹ್ಯಾಂಗಿತ್ತಂದ್ಹೇಳಿ! ನಾನ್ ದಿನಾ ಕೇಂತೆ, ಭಟ್ರೆ, ಅಮ್ಮ ತಿಂದ್ರಾ ಅಂತ. ಭಟ್ರ್ ಹೇಳ್ತ್ರ್, ತಿಂದ್ರ್, ಎಳ್ನೀರಿಂದ್ ಲಾಯ್ಕ್ ಇತ್ತಂಬ್ರ್. ಹಲ್ಸಿನ್ ಹಣ್ಣಿನ ನಾರ್ ಹಲ್ಲಿಗ್ ಸಿಕ್ಕತ್ತಂಬ್ರ್."

ಅಮ್ಮಮ್ಮನ ಬಾಯಲ್ಲಿ ಒಂದು ಹಲ್ಲೂ ಇಲ್ಲ! ನಾನು ಬಾಗಿಲ ಹಿಂದೆ ನಿಂತು ನಗು ತಡೆದುಕೊಳ್ಳಲು ದಾವಣಿಯ ಸೆರಗು ಬಾಯಿಗೆ ತುರುಕಿಕೊಂಡೆ. ಚಿಕ್ಕಪ್ಪಯ್ಯ ನೆಲ ನೋಡುತ್ತಿದ್ದರು. ಇಷ್ಟು ವರ್ಷ ಈ ಮನುಷ್ಯ ದಿನಾ ಸುಳ್ಳು ಹೇಳಿಕೊಂಡು ಬಂದಿದ್ದಾರೆ, ಅದೂ ಅತ್ತೆಯ ಹೆಸರಿನಲ್ಲಿ! ಜನ್ಮದಲ್ಲಿ ಒಂದು ಸುಳ್ಳು ಆಡಿ ಗೊತ್ತಿಲ್ಲದ ಅಮ್ಮಮ್ಮ ಈಗ ಏನು ಮಾಡುತ್ತಾರೋ, ಇನ್ನು ಅಂಗಡಿಯೂ ಇಲ್ಲ, ಮದುವೆಯ ಆರ್ಡರೂ ಇಲ್ಲ, ಈ ಮನೆಯಲ್ಲಿ ಜಾಗವೂ ಇಲ್ಲ ಎಂದುಕೊಂಡೆ. ಮರ್ಕಾಲ್ರಿಗೆ ಇದಾವುದೂ ಗೊತ್ತಿಲ್ಲ. ಅವರು ಹೇಳುತ್ತಲೇ ಹೋದರು.

"ಆ ದಿನ ನಮ್ಮ ಕೆಲ್ಸದವ ತಪ್ಪ್ ಮಾಡ್ದ ಕಾಣಿ. ಅಲ್ಲಿಂದ ಆ ಡಬ್ಬಿ ಬ್ಯಾರೆ ಯಾರಿಗೂ ಮುಟ್ಟುಕ್ ಕೊಡುದಿಲ್ಲೆ. ನಾನೇ ಬೆಳಿಗ್ಗೆ ಮಿಂದ್ಕಂಡ್ ಬಂದ್ ತೊಳೀತೆ. ಮನಿಯಂಗ್ ನೆಗಾಡ್ತ್ರ್. ನೆಗಾಡ್ಲಿ. ನನ್ನ ಹೆತ್ತ ಅಬ್ಬಿ ಇದ್ದಿದ್ರೆ ನಿಮ್ಮಷ್ಟೇ ಪ್ರಾಯ ಅಮ್ಮಾ. ಪ್ಲಾಂಟ್ ಮಾಡೂಕ್ ಮುಂಚೆಯೇ ಹೋದ್ಳ್. ಒಂದ್ ತುಂಡ್ ಐಸ್ ಅವ್ಳ ಕೈಗ್ ಕೊಡುಕ್ ಆಯ್ಲಿಲ್ಲೆ ನಂಗೆ. ನೀವ್ ತಿಂತ್ರಿ ಅಂಬುದ್ ಕೇಂಡ್ರೆ, ಎಂತದೋ ಒಂದ್ ಸಮಾಧಾನ."

ಅಮ್ಮಮ್ಮ ಅಳಿಯನ ಮುಖ ನೋಡಿದರು. ತುಂಬ ಹೊತ್ತು ನೋಡಿದರು. ದಿನಾ ಮುಂಜಾನೆ ಕೊಡ ಹೊತ್ತು ಹೋದ ಮನುಷ್ಯ, ಅಲ್ಲಿ ದಿನಾ ಇನ್ನೊಬ್ಬರ ಮನಸ್ಸು ನೋಯದ ಹಾಗೆ ನೋಡಿಕೊಂಡದ್ದು ಅವರಿಗೆ ಆಗ ಅರ್ಥವಾಗಿರಬೇಕು. ನನಗೂ ಆಗಲೇ ಅರ್ಥವಾದದ್ದು. ಬಾಯಲ್ಲಿದ್ದ ನಗು ಎಲ್ಲಿ ಹೋಯಿತೋ ಗೊತ್ತಿಲ್ಲ, ಕಣ್ಣು ಮಂಜಾಯಿತು.

"ಹೌದ್ ಮರ್ಕಾಲ" ಎಂದರು ಅಮ್ಮಮ್ಮ. "ನಾರ್ ಈಗ ಸಿಕ್ಕುದಿಲ್ಲೆ. ಈಗ್ಳ್ ಸಮಾ ಮಾಡ್ತ್ರ್ ಇವ್ರ್."

ಎಂದವರೇ ಪಕ್ಕದ ಬಟ್ಟಲು ಎತ್ತಿಕೊಂಡು ಮುಚ್ಚಳ ತೆಗೆದರು. ನನ್ನ ಬಟ್ಟಲು! ಒಂದು ಚಮಚ ಬಾಯಿಗಿಟ್ಟರು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿತು, ಹೆಗಲು ಕಿವಿಯವರೆಗೆ ಏರಿತು, "ಅಬ್ಬಬ್ಬಾ" ಎಂದು ಉಸಿರು ಬಿಟ್ಟರು. ಆಮೇಲೆ ಎರಡನೆಯ ಚಮಚ. ಆಮೇಲೆ ಮೂರನೆಯದು, ಯಾರ ಮುಖವನ್ನೂ ನೋಡದೆ. ಚಿಕ್ಕಪ್ಪಯ್ಯ ಗೋಡೆಯ ಕಡೆ ತಿರುಗಿ ಹೆಗಲ ಬೈರಾಸಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಒರೆಸಿದಷ್ಟೂ ಮುಗಿಯಲೊಲ್ಲದು.

"ನಿಂತದ್ದೆಂತಕೆ? ಬಾ, ಇಲ್ಲೇ ಕೂಕೋ" ಎಂದು ಅಮ್ಮಮ್ಮ ಜಗಲಿಯಲ್ಲಿ ಪಕ್ಕಕ್ಕೆ ಸರಿದು ಮರ್ಕಾಲ್ರಿಗೆ ಜಾಗ ಮಾಡಿದರು. ನನ್ನತ್ತ ತಿರುಗಿ, "ಹೆಣೆ, ಬಾಗ್ಲ ಹಿಂದ್ ಅಳ್ತಾ ನಿಲ್ಲೂದ್ ಸಾಕ್. ಇವ್ನಿಗೂ ಒಂದ್ ಬಟ್ಲ್ ತಾ" ಎಂದರು. ಅಂದು ಅಂಗಡಿಯಲ್ಲಿ ಮಾರದೆ ಉಳಿದದ್ದು ಒಳಗಿತ್ತು, ತಂದುಕೊಟ್ಟೆ. ಇಬ್ಬರೂ ಅಕ್ಕಪಕ್ಕ ಕೂತು ತಿಂದರು.

ಹೊರಡುವಾಗ ಮರ್ಕಾಲ್ರು ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. "ಅಮ್ಮಾ, ಮದ್ವಿಗೆ ನಿಮ್ಮ್ ಮನಿಯಿಂದ ಯಾರಾರೂ ಬರ್ಕ್. ನೀವ್ ಬಪ್ಪುದಿಲ್ಲೆ ಅಂಬುದ್ ಗೊತ್ತಿತ್ತ್. ಆರೂ ಹೇಳ್ಕಲ್ದಾ?"

ಅಮ್ಮಮ್ಮ ಕಾಗದವನ್ನು ಕಣ್ಣಿಗೊತ್ತಿಕೊಂಡರು.

"ಯಾರ್ ಹೇಳಿದ್ದ್ ಬಪ್ಪುದಿಲ್ಲೆ ಅಂದೇಳಿ? ಊಟ ಮಾಡುದಿಲ್ಲೆ, ಅದನ್ನ್ ಈಗ್ಳೇ ಹೇಳ್ತೆ. ಐಸ್‌ಕ್ರೀಂ ತಿಂಬುಕೆ ಬತ್ತೆ. ಎಲ್ಲರಿಗೂ ಕಾಂಬ ಹಾಂಗೆ ಮುಂದೆಯೇ ಒಂದ್ ಕುರ್ಚಿ ಹಾಕ್ಸ್."